ಆಂಟನ್ ಬೋಯ್ಸನ್

ಆಂಟನ್ ಥಿಯೋಫಿಲಸ್ ಬೋಯ್ಸನ್ (೨೯ ಅಕ್ಟೋಬರ್ ೧೮೭೬ – ೧ ಅಕ್ಟೋಬರ್ ೧೯೬೫) ಅಮೆರಿಕ ಸಂಯುಕ್ತ ಸಂಸ್ಥಾನದ ಕ್ರೈಸ್ತ ಧರ್ಮೋಪದೇಶಕರು, ಮಾನಸಿಕ ಆಸ್ಪತ್ರೆಗಳ ಚಾಪ್ಲಿನ್, ಅಧ್ಯಾಪಕರು ಮತ್ತು ಲೇಖಕರು. ಕ್ರೈಸ್ತ ದೈವಶಾಸ್ತ್ರದ ವಿದ್ಯಾರ್ಥಿಗಳು ಅಸಹಜ ಮನೋವಿಜ್ಞಾನವನ್ನು ಪುಸ್ತಕದಿಂದಷ್ಟೇ ಅಲ್ಲದೆ ರೋಗಿಗಳ ನಡುವೆಯೇ ಇದ್ದು ಕಲಿಯಬೇಕೆಂಬ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಅವರು ಮೊದಲಿಗರು. ಈ ಪದ್ಧತಿ ಮುಂದೆ ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಬೋಯ್ಸನ್ ಸ್ವತಃ ತೀವ್ರ ಮನೋರೋಗಕ್ಕೆ ತುತ್ತಾಗಿ ಹದಿನೈದು ತಿಂಗಳು ಆಸ್ಪತ್ರೆಯಲ್ಲಿದ್ದವರು. ಗುಣಮುಖರಾದ ಮೇಲೆ ಆ ಅನುಭವವನ್ನು ಮರೆಮಾಚದೆ ಅದನ್ನೇ ತಮ್ಮ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡರು. ಅದೇ ಕಾಯಿಲೆ ಮರುಕಳಿಸಿದಾಗ, ತಾವೇ ಆರಂಭಿಸಿದ ಶಿಕ್ಷಣ ಯೋಜನೆಯ ಮುಂದಾಳತ್ವವನ್ನು ಕಳೆದುಕೊಂಡರು. ಮನೋರೋಗದಿಂದ ಚೇತರಿಸಿಕೊಂಡವರಿಗೆ ವಿದ್ಯಾಸಂಸ್ಥೆಗಳಲ್ಲಿ ಎಂತಹ ಸ್ಥಾನ ದೊರೆಯಬೇಕೆಂಬ ಪ್ರಶ್ನೆ ಬಂದಾಗಲೂ ಅವರ ಜೀವನವನ್ನು ಉದಾಹರಿಸುವುದುಂಟು.

ಜನನ ಮತ್ತು ಬಾಲ್ಯ

ಬೋಯ್ಸನ್ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ನಗರದಲ್ಲಿ ವಿದ್ವಾಂಸರ ಮನೆತನದಲ್ಲಿ ಜನಿಸಿದರು. ತಂದೆ ಹರ್ಮನ್ ಬೋಯ್ಸನ್ ಜರ್ಮನಿಯಿಂದ ವಲಸೆ ಬಂದವರು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಆಧುನಿಕ ಭಾಷೆಗಳ ಪ್ರಾಧ್ಯಾಪಕರಾಗಿದ್ದ ಅವರು ಜರ್ಮನ್ ಭಾಷೆಯ ಪಠ್ಯಪುಸ್ತಕಗಳನ್ನು ರಚಿಸಿದ್ದರು. ತಾಯಿ ಲೂಯಿಸಾ ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಥಿಯೋಫಿಲಸ್ ವೈಲಿ ಅವರ ಮಗಳು. ವೈಲಿ ಅವರು ವಿಜ್ಞಾನವನ್ನು ಬೋಧಿಸುತ್ತಿದ್ದರಲ್ಲದೆ ಪ್ರೆಸ್ಬಿಟೇರಿಯನ್ ಪರಂಪರೆಯ ಧರ್ಮೋಪದೇಶಕರೂ ಆಗಿದ್ದರು. ಆಂಟನ್ ಅವರ ಹೆಸರಿನ ಮಧ್ಯಭಾಗ ಈ ಅಜ್ಜನಿಂದ ಬಂದದ್ದು.

ಆಂಟನ್‌ಗೆ ಏಳು ವರ್ಷವಾಗಿದ್ದಾಗ, ೧೮೮೪ರಲ್ಲಿ, ತಂದೆ ತೀರಿಕೊಂಡರು. ಅನಂತರ ತಾಯಿ ತನ್ನ ಮಗ ಮತ್ತು ಮಗಳೊಂದಿಗೆ ಬ್ಲೂಮಿಂಗ್ಟನ್‌ನ ತವರುಮನೆಯ ಆಸರೆಯಲ್ಲಿ ಬದುಕಿದರು. ಬಾಲ್ಯದಲ್ಲಿಯೇ ಆಂಟನ್‌ಗೆ ಒಂದು ಕಣ್ಣಿನ ದೃಷ್ಟಿ ಹೋಯಿತು. ಧರ್ಮನಿಷ್ಠೆ, ಕಟ್ಟುನಿಟ್ಟಾದ ನಡವಳಿಕೆ ಮತ್ತು ವಿದ್ಯೆಗೆ ಗೌರವ ಇವು ಮೂರೂ ಆ ಮನೆಯಲ್ಲಿ ನೆಲೆಸಿದ್ದವು. ಹದಿಹರೆಯದ ಸಹಜವಾದ ಕಾಮನೆಗಳನ್ನು ಪಾಪವೆಂದೇ ಬಗೆದು ಒಳಗೊಳಗೇ ನರಳಿದ ಬಗೆಯನ್ನು ಬೋಯ್ಸನ್ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ವಿದ್ಯಾಭ್ಯಾಸ ಮತ್ತು ಅರಣ್ಯ ಸೇವೆ

ಬೋಯ್ಸನ್ ೧೮೯೭ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಅಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಲೋ ಬ್ರಯಾನ್ ಅವರ ಪ್ರಭಾವದಿಂದ ವಿಲಿಯಂ ಜೇಮ್ಸ್ ಅವರ ಬರಹಗಳ ಪರಿಚಯವಾಯಿತು. ಮರುವರ್ಷ ಈಸ್ಟರ್ ಹಬ್ಬದ ಸಮಯದಲ್ಲಿ ಅವರು ತೀವ್ರವಾದ ಅಂತರಂಗದ ತುಮುಲಕ್ಕೆ ಒಳಗಾದರು. ತಾಯಿಯೊಡನೆ ಮನಸ್ಸು ಬಿಚ್ಚಿ ಮಾತನಾಡಿದ ಮೇಲೆ ಆ ಹೊಯ್ದಾಟ ತಣ್ಣಗಾಯಿತು. ತಪ್ಪನ್ನು ಹೇಳಿಕೊಳ್ಳುವುದರಿಂದಲೂ ಆತ್ಮೀಯರೊಬ್ಬರು ಅದನ್ನು ಕೇಳಿ ಕ್ಷಮಿಸುವುದರಿಂದಲೂ ಮನಸ್ಸು ಸುಧಾರಿಸುತ್ತದೆ ಎಂಬ ಅವರ ಮುಂದಿನ ನಿಲುವಿಗೆ ಈ ಅನುಭವ ಮೊದಲ ಆಧಾರವಾಯಿತು.

ಕೆಲವು ವರ್ಷ ಭಾಷಾ ಬೋಧಕರಾಗಿ ದುಡಿದ ಬಳಿಕ, ಪ್ರಕೃತಿಪ್ರೀತಿಯಿಂದ ಯೇಲ್ ವಿಶ್ವವಿದ್ಯಾಲಯದ ಅರಣ್ಯಶಾಸ್ತ್ರ ಶಾಲೆಯನ್ನು ಸೇರಿ ೧೯೦೫ರಲ್ಲಿ ಪದವೀಧರರಾದರು. ಗಿಫರ್ಡ್ ಪಿಂಚೋ ಅವರ ನೇತೃತ್ವದ ಅಮೆರಿಕದ ಅರಣ್ಯ ಸೇವೆಯಲ್ಲಿ ಕೆಲಸ ಮಾಡಿದರು. ಹಿಕರಿ ಮರಗಳ ವಾಣಿಜ್ಯ ಉಪಯೋಗವನ್ನು ಕುರಿತು ಅವರು ಜೆ. ಎ. ನ್ಯೂಲಿನ್ ಅವರೊಂದಿಗೆ ಬರೆದ ವರದಿಯನ್ನು ಅರಣ್ಯ ಸೇವೆ ೧೯೧೦ರಲ್ಲಿ ಪ್ರಕಟಿಸಿತು. ಸ್ಥಳಕ್ಕೆ ಹೋಗಿ, ಕಣ್ಣಾರೆ ಕಂಡು, ಲೆಕ್ಕವಿಟ್ಟು, ವರ್ಗೀಕರಿಸಿ ಬರೆಯುವ ಅಭ್ಯಾಸ ಅವರಿಗೆ ಈ ವೃತ್ತಿಯಲ್ಲಿ ಗಟ್ಟಿಯಾಯಿತು. ಮುಂದೆ ಮನೋರೋಗಿಗಳ ಅಧ್ಯಯನದಲ್ಲಿಯೂ ಅವರು ಇದೇ ಕ್ರಮವನ್ನು ಅನುಸರಿಸಿದರು.

ಆಲಿಸ್ ಬ್ಯಾಚೆಲ್ಡರ್

೧೯೦೨ರಲ್ಲಿ ಕ್ರೈಸ್ತ ಯುವತಿಯರ ಸಂಘದ (ವೈ.ಡಬ್ಲ್ಯೂ.ಸಿ.ಎ.) ಕಾರ್ಯಕರ್ತೆಯಾಗಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದ ಆಲಿಸ್ ಬ್ಯಾಚೆಲ್ಡರ್ ಅವರನ್ನು ಬೋಯ್ಸನ್ ಪ್ರೀತಿಸಿದರು. ಆಲಿಸ್ ಅವರು ಮದುವೆಗೆ ಒಪ್ಪಲಿಲ್ಲ. ಆದರೂ ಬೋಯ್ಸನ್ ಅವರ ಮನಸ್ಸು ಜೀವನಪರ್ಯಂತ ಬೇರೆಡೆಗೆ ತಿರುಗಲಿಲ್ಲ. ಅವರು ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು. ದೀರ್ಘ ಮೌನದ ಅವಧಿಗಳೂ ಪತ್ರವ್ಯವಹಾರದ ಅವಧಿಗಳೂ ಇದ್ದ ಈ ಸಂಬಂಧ ಮುಂದೆ ಸ್ನೇಹವಾಗಿ ನೆಲೆಗೊಂಡಿತು. ಈ ಏಕಮುಖ ಪ್ರೀತಿಯು ತಮ್ಮ ಧರ್ಮಸೇವೆಗೂ ಕಾಯಿಲೆಗೂ ಹೇಗೆ ಹೆಣೆದುಕೊಂಡಿತ್ತೆಂಬುದನ್ನು ಬೋಯ್ಸನ್ ಸ್ವತಃ ವಿಶ್ಲೇಷಿಸಿದ್ದಾರೆ.

ದೈವಶಾಸ್ತ್ರದ ವ್ಯಾಸಂಗ ಮತ್ತು ಗ್ರಾಮೀಣ ಸೇವೆ

೧೯೦೮ರಲ್ಲಿ ಬೋಯ್ಸನ್ ನ್ಯೂಯಾರ್ಕಿನ ಯೂನಿಯನ್ ಥಿಯಾಲಾಜಿಕಲ್ ಸೆಮಿನರಿಗೆ ಸೇರಿ ೧೯೧೧ರಲ್ಲಿ ವ್ಯಾಸಂಗ ಮುಗಿಸಿದರು. ಅಲ್ಲಿ ಜಾರ್ಜ್ ಆಲ್ಬರ್ಟ್ ಕೋ ಅವರಿಂದ ಧರ್ಮದ ಮನೋವಿಜ್ಞಾನವನ್ನು ಕಲಿತರು. ಆ ಕಾಲದ ಕ್ರೈಸ್ತ ದೈವಶಾಸ್ತ್ರ ಶಿಕ್ಷಣದಲ್ಲಿ ಹೀಬ್ರೂ ಮತ್ತು ಗ್ರೀಕ್ ಭಾಷೆ, ಬೈಬಲ್ ವ್ಯಾಖ್ಯಾನ, ಸಭೆಯ ಇತಿಹಾಸ, ಉಪದೇಶಕಲೆ ಇವುಗಳಿಗೆ ಪ್ರಾಧಾನ್ಯವಿತ್ತು. ಸಂಕಟದಲ್ಲಿರುವ ಮನುಷ್ಯನ ಮನಸ್ಸನ್ನು ಅರಿಯುವ ತರಬೇತಿ ಇರಲಿಲ್ಲವೆಂದೇ ಹೇಳಬೇಕು. ಮನೋರೋಗಿಗಳ ವಿಷಯ ವೈದ್ಯರಿಗೆ ಬಿಟ್ಟದ್ದೆಂಬ ಭಾವನೆ ಸಾಮಾನ್ಯವಾಗಿತ್ತು.

ಅನಂತರ ಅವರು ಪ್ರೆಸ್ಬಿಟೇರಿಯನ್ ಸಭೆಯ ಪರವಾಗಿ ಗೆಳೆಯ ಫ್ರೆಡ್ ಈಸ್ಟ್‌ಮನ್ ಅವರೊಂದಿಗೆ ಹಳ್ಳಿಗಾಡಿನ ಧಾರ್ಮಿಕ ಜೀವನದ ಸಮೀಕ್ಷೆ ನಡೆಸಿದರು. ಕಾನ್ಸಾಸ್ ಮತ್ತು ಮೇನ್ ರಾಜ್ಯಗಳ ಹಳ್ಳಿಗಳಲ್ಲಿ ಸಭಾಪಾಲಕರಾಗಿದ್ದರು. ಆ ಕೆಲಸದಲ್ಲಿ ಹೇಳಿಕೊಳ್ಳುವಂತಹ ಯಶಸ್ಸು ದೊರೆಯಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಮೂಲಕ ಫ್ರಾನ್ಸಿನಲ್ಲಿ ಸೇವೆ ಸಲ್ಲಿಸಿದರು. ಯುದ್ಧಾನಂತರ ಉತ್ತರ ಡಕೋಟದಲ್ಲಿ ಮತ್ತೊಂದು ಸಮೀಕ್ಷೆ ನಡೆಸಿದರು.

೧೯೨೦ರ ಕಾಯಿಲೆ

೧೯೨೦ರಲ್ಲಿ ಬೋಯ್ಸನ್ ಮತ್ತೆ ಸಭಾಪಾಲಕರಾಗಲು ಬಯಸಿದರು. ಅದಕ್ಕಾಗಿ ತಮ್ಮ ಧಾರ್ಮಿಕ ಅನುಭವ ಮತ್ತು ನಂಬಿಕೆಗಳ ಬಗ್ಗೆ ಹೇಳಿಕೆಯೊಂದನ್ನು ಬರೆಯಬೇಕಾಗಿತ್ತು. ಅಕ್ಟೋಬರ್ ತಿಂಗಳಲ್ಲಿ ಅದನ್ನು ಬರೆಯುತ್ತಿದ್ದಾಗಲೇ ಅವರ ಮನಸ್ಸು ಹತೋಟಿ ತಪ್ಪಿತು. ಜಗತ್ತಿಗೆ ಮಹಾ ವಿಪತ್ತು ಬಂದೊದಗಲಿದೆ, ಅದರಲ್ಲಿ ತಮಗೊಂದು ವಿಶೇಷ ಪಾತ್ರವಿದೆ ಎಂಬ ಭ್ರಮೆಗಳು ಆವರಿಸಿದವು. ಕುಟುಂಬದವರು ಅವರನ್ನು ಬಾಸ್ಟನ್ ಸೈಕೋಪತಿಕ್ ಆಸ್ಪತ್ರೆಗೆ ಸೇರಿಸಬೇಕಾಯಿತು. ಕೆಲವು ದಿನಗಳ ಅನಂತರ ಅಲ್ಲಿಂದ ವೆಸ್ಟ್‌ಬರೋ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಲಾಯಿತು.

ವೈದ್ಯರು ಗುರುತಿಸಿದ ಕಾಯಿಲೆ ಡಿಮೆನ್ಶಿಯಾ ಪ್ರೀಕಾಕ್ಸ್, ಅದರಲ್ಲಿಯೂ ಕ್ಯಾಟಟೋನಿಕ್ ಬಗೆಯದು. ಇಂದು ಸ್ಕಿಜೋಫ್ರೀನಿಯಾ ಅಥವಾ ಛಿದ್ರಮನಸ್ಕತೆ ಎಂದು ಕರೆಯುವ ಕಾಯಿಲೆಗೆ ಜರ್ಮನಿಯ ಎಮಿಲ್ ಕ್ರೆಪೆಲಿನ್ ಅವರಿಂದ ಪ್ರಚಾರಕ್ಕೆ ಬಂದ ಹೆಸರು ಅದು. ಆ ಹೆಸರಿನಲ್ಲಿಯೇ, ರೋಗಿಯ ಬುದ್ಧಿಶಕ್ತಿ ಕ್ರಮೇಣ ಕುಂದುತ್ತ ಹೋಗುವುದೆಂಬ ಊಹೆ ಅಡಗಿತ್ತು. ಮನೋರೋಗಕ್ಕೆ ಪರಿಣಾಮಕಾರಿಯಾದ ಔಷಧಗಳು ೧೯೫೦ರ ದಶಕದವರೆಗೂ ಬಂದಿರಲಿಲ್ಲ. ಹೀಗಾಗಿ ಚೇತರಿಕೆಯ ಆಸೆಯಿಲ್ಲವೆಂದೇ ಕುಟುಂಬದವರಿಗೆ ತಿಳಿಸಲಾಯಿತು.

ಆದರೆ ಬೋಯ್ಸನ್ ಕೆಲವು ವಾರಗಳಲ್ಲಿ ಎಚ್ಚೆತ್ತುಕೊಂಡರು. ಕಾಯಿಲೆ ಒಮ್ಮೆ ಮರುಕಳಿಸಿತು. ಬಳಿಕ ೧೯೨೧ರಲ್ಲಿ ಮನಸ್ಸು ಸ್ಥಿರವಾಯಿತು. ಚೇತರಿಕೆಯ ಕುರಿತು ಅವರು ದಾಖಲಿಸಿರುವ ಒಂದು ಪ್ರಸಂಗ ಗಮನಾರ್ಹವಾಗಿದೆ. ಕಾಯಿಲೆಯ ದಿನಗಳಲ್ಲಿ ಕಿಟಕಿಯಿಂದ ಚಂದ್ರನನ್ನು ನೋಡಿದಾಗಲೆಲ್ಲ ಅವರಿಗೆ ಅದರ ಮೇಲೆ ಬೆಳಕಿನ ಶಿಲುಬೆಯೊಂದು ಕಾಣುತ್ತಿತ್ತು. ಅದನ್ನು ಅವರು ದೈವಿಕ ಸೂಚನೆಯೆಂದು ತಿಳಿದಿದ್ದರು. ಜಾಲರಿಯ ಅಡ್ಡಿಯಿಲ್ಲದೆ ನೋಡಿದಾಗ ಶಿಲುಬೆ ಕಾಣಲಿಲ್ಲ. ಅದು ಕಿಟಕಿಯ ತಂತಿಜಾಲರಿಯಿಂದ ಉಂಟಾದ ತೋರಿಕೆಯೆಂದು ಅರಿವಾದಾಗ, ತಮ್ಮ ಉಳಿದ ಕಲ್ಪನೆಗಳನ್ನೂ ಹೀಗೆಯೇ ಪರೀಕ್ಷಿಸಿ ನೋಡಬಹುದೆಂದು ಅವರಿಗೆ ತೋರಿತು.

ಆಸ್ಪತ್ರೆಯೊಳಗಿನ ಅಧ್ಯಯನ

ಸ್ವಸ್ಥರಾದ ಮೇಲೆಯೂ ಬೋಯ್ಸನ್ ಹಲವು ತಿಂಗಳು ಆಸ್ಪತ್ರೆಯಲ್ಲಿಯೇ ಇರಬೇಕಾಯಿತು. ಅವರ ಅಸಹಜ ಮನೋವಿಜ್ಞಾನದ ಅಧ್ಯಯನ ನಿಜವಾಗಿ ಆರಂಭವಾದದ್ದು ಅಲ್ಲಿಯೇ. ತರಗತಿ, ಅಧ್ಯಾಪಕ, ಗ್ರಂಥಾಲಯ ಯಾವುದೂ ಇಲ್ಲದ ಆ ಸ್ಥಳದಲ್ಲಿ ಹೊರಗಿನಿಂದ ಬರುತ್ತಿದ್ದ ಪುಸ್ತಕಗಳು ಮತ್ತು ಪತ್ರಗಳೇ ಅವರ ಪಾಠಗಳಾದವು. ಗೆಳೆಯ ಈಸ್ಟ್‌ಮನ್ ಅವರು ಸಿಗ್ಮಂಡ್ ಫ್ರಾಯ್ಡ್ ಅವರ ಮನೋವಿಶ್ಲೇಷಣೆಯ ಪ್ರವೇಶೋಪನ್ಯಾಸಗಳ ಸಂಪುಟವನ್ನು ಕಳುಹಿಸಿಕೊಟ್ಟರು. ಮನೋರೋಗದ ಲಕ್ಷಣಗಳಿಗೂ ಅರ್ಥವಿದೆ ಎಂಬ ಫ್ರಾಯ್ಡ್ ಅವರ ವಾದ, ತಾವೇ ಸ್ವತಂತ್ರವಾಗಿ ತಲುಪಿದ್ದ ತೀರ್ಮಾನಕ್ಕೆ ಹತ್ತಿರವಾಗಿರುವುದನ್ನು ಬೋಯ್ಸನ್ ಕಂಡರು. ಫ್ರಾಯ್ಡ್ ಅವರ ಎಲ್ಲ ವಿಚಾರಗಳನ್ನು ಅವರು ಒಪ್ಪಲಿಲ್ಲ. ನೈತಿಕ ಆದರ್ಶವನ್ನು ಸಡಿಲಿಸುವುದರಿಂದ ಮನಸ್ಸಿನ ಘರ್ಷಣೆ ಪರಿಹಾರವಾಗದು, ಅಪರಾಧಪ್ರಜ್ಞೆಯನ್ನು ಎದುರಿಸಿ ದಾಟಬೇಕು ಎಂಬುದು ಅವರ ನಿಲುವಾಗಿತ್ತು.

ಅವರು ಮಿತ್ರರಿಗೆ ಬರೆದ ಪತ್ರಗಳಲ್ಲಿ ತಮ್ಮ ಕಾಯಿಲೆಯ ಹಂತಗಳನ್ನು ಕ್ರಮವಾಗಿ ವಿವರಿಸಿದರು. ಬಾಸ್ಟನ್ನಿನ ಇಮ್ಯಾನ್ಯುಯೆಲ್ ಚರ್ಚಿನ ಎಲ್ವುಡ್ ವೂಸ್ಟರ್ ಅವರ ಸಲಹೆಯೂ ದೊರೆಯಿತು. ವೈದ್ಯರ ಸಹಕಾರದಿಂದ ಮಾನಸಿಕ ತೊಂದರೆಗಳಿಗೆ ಚರ್ಚಿನಲ್ಲಿ ನೆರವು ನೀಡುವ ಇಮ್ಯಾನ್ಯುಯೆಲ್ ಚಳವಳಿಯನ್ನು ವೂಸ್ಟರ್ ೧೯೦೬ರಲ್ಲಿ ಆರಂಭಿಸಿದ್ದರು. ಇದರ ನಡುವೆ ಬೋಯ್ಸನ್ ತಮ್ಮ ಸಹರೋಗಿಗಳನ್ನೂ ಗಮನಿಸುತ್ತಿದ್ದರು. ದೇವರು, ಪಾಪ, ಮರಣ, ಪುನರ್ಜನ್ಮ, ಜಗತ್ತಿನ ಅಂತ್ಯ ಇಂತಹ ವಿಷಯಗಳೇ ಅವರಲ್ಲಿ ಅನೇಕರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಧರ್ಮದ ಮೂಲಪ್ರಶ್ನೆಗಳೊಂದಿಗೆ ಹೋರಾಡುತ್ತಿರುವ ಇವರ ಬಳಿಗೆ ಆ ಪ್ರಶ್ನೆಗಳನ್ನು ಅಧ್ಯಯನ ಮಾಡಿದವರು ಒಬ್ಬರೂ ಬರುವುದಿಲ್ಲವೆಂಬುದನ್ನು ಅವರು ಮನಗಂಡರು. ಭಾನುವಾರ ಬಂದು ಉಪದೇಶ ಮಾಡಿ ಹೋಗುವವರಿಗೂ ರೋಗಿಗಳ ಸ್ಥಿತಿಯ ಅರಿವು ಇರುತ್ತಿರಲಿಲ್ಲ. ಈ ಕೊರತೆಯನ್ನು ನೀಗುವುದೇ ತಮ್ಮ ಜೀವನದ ಕೆಲಸವೆಂದು ನಿಶ್ಚಯಿಸಿ, ೧೯೨೨ರ ಜನವರಿಯಲ್ಲಿ ಆಸ್ಪತ್ರೆಯಿಂದ ಹೊರಬಂದರು. ಆಗ ಅವರಿಗೆ ನಲವತ್ತೈದು ವರ್ಷ.

ಬಾಸ್ಟನ್ನಿನಲ್ಲಿ ವ್ಯಾಸಂಗ

ಬಿಡುಗಡೆಯಾದ ಬೋಯ್ಸನ್ ಆಂಡೋವರ್ ಥಿಯಾಲಾಜಿಕಲ್ ಸೆಮಿನರಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನ ಮುಂದುವರಿಸಿದರು. ವಿಲಿಯಂ ಮ್ಯಾಕ್‌ಡೂಗಲ್ ಅವರಿಂದ ಮನೋವಿಜ್ಞಾನವನ್ನೂ, ಮ್ಯಾಕ್‌ಫೀ ಕ್ಯಾಂಪ್‌ಬೆಲ್ ಅವರಿಂದ ಮನೋವೈದ್ಯಶಾಸ್ತ್ರವನ್ನೂ, ರಿಚರ್ಡ್ ಕ್ಯಾಬಟ್ ಅವರಿಂದ ಸಾಮಾಜಿಕ ನೀತಿಶಾಸ್ತ್ರವನ್ನೂ ಕಲಿತರು. ತಾವು ಹಿಂದೆ ರೋಗಿಯಾಗಿ ಪ್ರವೇಶಿಸಿದ್ದ ಬಾಸ್ಟನ್ ಸೈಕೋಪತಿಕ್ ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಈಗ ಕಾರ್ಯಕರ್ತರಾಗಿ ತರಬೇತಿ ಪಡೆದರು.

ಕ್ಯಾಬಟ್ ಅವರು ಪ್ರಸಿದ್ಧ ವೈದ್ಯರು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜಸೇವೆಯನ್ನು ೧೯೦೫ರಲ್ಲಿ ಆರಂಭಿಸಿದವರು. ಒಬ್ಬ ರೋಗಿಯ ಸಂಪೂರ್ಣ ವೃತ್ತಾಂತವನ್ನು ವಿದ್ಯಾರ್ಥಿಗಳ ಮುಂದಿಟ್ಟು ಚರ್ಚಿಸುವ ವಿಧಾನದಲ್ಲಿ ಅವರು ನಿಷ್ಣಾತರಾಗಿದ್ದರು. ಬೋಯ್ಸನ್ ಈ ವಿಧಾನವನ್ನೇ ದೈವಶಾಸ್ತ್ರದ ಶಿಕ್ಷಣಕ್ಕೆ ಅಳವಡಿಸಲು ಬಯಸಿದರು. ವೈದ್ಯ ವಿದ್ಯಾರ್ಥಿಗಳಂತೆ ದೈವಶಾಸ್ತ್ರದ ವಿದ್ಯಾರ್ಥಿಗಳಿಗೂ ಒಂದು ವರ್ಷದ ಪ್ರಾಯೋಗಿಕ ತರಬೇತಿ ಬೇಕೆಂದು ಕ್ಯಾಬಟ್ ೧೯೨೫ರಲ್ಲಿ ಲೇಖನವೊಂದನ್ನು ಬರೆದು ಬೆಂಬಲಿಸಿದರು.

ವೂಸ್ಟರ್ ಆಸ್ಪತ್ರೆಯಲ್ಲಿ ಹೊಸ ಪ್ರಯೋಗ

ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದ ಸರ್ಕಾರಿ ಮಾನಸಿಕ ಆಸ್ಪತ್ರೆ ೧೮೩೩ರಷ್ಟು ಹಿಂದೆಯೇ ಆರಂಭವಾದದ್ದು. ಅದರ ಅಧೀಕ್ಷಕರಾಗಿದ್ದ ವಿಲಿಯಂ ಬ್ರಯಾನ್ ಹೊಸ ಪ್ರಯೋಗಗಳಿಗೆ ತೆರೆದ ಮನಸ್ಸಿನವರಾಗಿದ್ದರು. ಅವರು ಬೋಯ್ಸನ್ ಅವರ ಹಿಂದಿನ ಕಾಯಿಲೆಯನ್ನು ತಿಳಿದೂ ೧೯೨೪ರ ಜುಲೈನಲ್ಲಿ ಅವರನ್ನು ಚಾಪ್ಲಿನ್ ಆಗಿ ನೇಮಿಸಿಕೊಂಡರು. ಆಸ್ಪತ್ರೆ, ಸೇನೆ ಮುಂತಾದ ಸಂಸ್ಥೆಗಳಲ್ಲಿದ್ದು ಅಲ್ಲಿನವರ ಧಾರ್ಮಿಕ ಅಗತ್ಯಗಳನ್ನು ನೋಡಿಕೊಳ್ಳುವ ಧರ್ಮಗುರುವಿಗೆ ಚಾಪ್ಲಿನ್ ಎನ್ನುತ್ತಾರೆ. ಬೋಯ್ಸನ್ ಆರಾಧನೆ ನಡೆಸುವುದಕ್ಕಷ್ಟೇ ಸೀಮಿತರಾಗದೆ ರೋಗಿಗಳ ವೃತ್ತಾಂತಗಳನ್ನು ಸಂಗ್ರಹಿಸಿ ಸಂಶೋಧನೆ ನಡೆಸಿದರು. ವೈದ್ಯರ ಸಭೆಗಳಲ್ಲಿ ಭಾಗವಹಿಸಿದರು.

ಪ್ರಚಲಿತ ಕೀರ್ತನ ಸಂಗ್ರಹಗಳಲ್ಲಿ ಭಯವನ್ನೂ ಅಪರಾಧಭಾವವನ್ನೂ ಕೆರಳಿಸುವ ಹಾಡುಗಳು ಇರುವುದನ್ನು ಕಂಡು, ಮನೋರೋಗಿಗಳಿಗೆ ಧೈರ್ಯ ಮತ್ತು ಭರವಸೆ ನೀಡುವಂತಹವನ್ನು ಆರಿಸಿ ೧೯೨೬ರಲ್ಲಿ ಪ್ರತ್ಯೇಕ ಸಂಗ್ರಹವನ್ನು ಹೊರತಂದರು. ಇದು ಮುಂದೆ ಹಿಮ್ಸ್ ಆಫ್ ಹೋಪ್ ಅಂಡ್ ಕರೇಜ್ ಎಂಬ ಹೆಸರಿನಲ್ಲಿ ಪರಿಷ್ಕೃತವಾಯಿತು.

೧೯೨೫ರ ಬೇಸಿಗೆಯಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳ ಮೊದಲ ತಂಡ ಬಂದಿತು. ನಾಲ್ವರ ಆ ತಂಡದಲ್ಲಿ ಹೆಲೆನ್ ಫ್ಲಾಂಡರ್ಸ್ ಡನ್ಬಾರ್ ಅವರೂ ಇದ್ದರು. ಮುಂದೆ ಅವರು ವೈದ್ಯೆಯಾಗಿ, ಮನಸ್ಸಿಗೂ ದೇಹದ ಕಾಯಿಲೆಗಳಿಗೂ ಇರುವ ಸಂಬಂಧದ ಅಧ್ಯಯನದಲ್ಲಿ ಹೆಸರುವಾಸಿಯಾದರು. ಅದೇ ವರ್ಷ ಆರ್ಥರ್ ಹೋಲ್ಟ್ ಅವರ ಪ್ರೋತ್ಸಾಹದಿಂದ ಬೋಯ್ಸನ್ ಅವರಿಗೆ ಷಿಕಾಗೊ ಥಿಯಾಲಾಜಿಕಲ್ ಸೆಮಿನರಿಯಲ್ಲಿಯೂ ಬೋಧಿಸುವ ಅವಕಾಶ ದೊರೆಯಿತು. ಹೀಗೆ ಮನೋರೋಗಗಳ ಅಧ್ಯಯನ ಒಂದು ಕ್ರೈಸ್ತ ವಿದ್ಯಾಸಂಸ್ಥೆಯ ಪಾಠಪಟ್ಟಿಯೊಳಗೆ ಸ್ಥಾನ ಪಡೆಯಿತು.

ಬೋಧನಾ ವಿಧಾನ

ವೂಸ್ಟರ್‌ಗೆ ಬಂದ ವಿದ್ಯಾರ್ಥಿಗಳು ಧರ್ಮಗುರುಗಳ ಉಡುಪಿನಲ್ಲಿ ಉಪದೇಶಿಸಲು ಬಂದವರಾಗಿರಲಿಲ್ಲ. ಅವರು ವಾರ್ಡುಗಳಲ್ಲಿ ಪರಿಚಾರಕರಾಗಿ ದಿನವಿಡೀ ದುಡಿಯಬೇಕಾಗಿತ್ತು. ರೋಗಿಗಳ ದೈನಂದಿನ ಆರೈಕೆ, ತಿರುಗಾಟ, ಆಟ, ಹಾಡುಗಾರಿಕೆ ಇವುಗಳಲ್ಲಿ ಜೊತೆಗಿರುತ್ತಿದ್ದರು. ಕೆಲಸದ ಬಳಿಕ ತಾವು ಕಂಡದ್ದನ್ನು ಬರೆದಿಡುತ್ತಿದ್ದರು. ಆಮೇಲೆ ಆ ಬರಹಗಳನ್ನು ಆಧರಿಸಿ ಚರ್ಚೆಗಳು ನಡೆಯುತ್ತಿದ್ದವು.

ರೋಗಿಯ ಮನೆತನ, ಬಾಲ್ಯ, ದುಡಿಮೆ, ಪ್ರೇಮ ಮತ್ತು ವಿವಾಹ, ಧಾರ್ಮಿಕ ಹಿನ್ನೆಲೆ, ಕಾಯಿಲೆ ಆರಂಭವಾದ ಬಗೆ, ಅವನ ಭ್ರಮೆಗಳ ಒಳಹುರುಳು ಇವೆಲ್ಲವನ್ನೂ ಒಳಗೊಂಡ ವಿವರವಾದ ವೃತ್ತಾಂತವನ್ನು ಸಿದ್ಧಪಡಿಸುವುದು ಬೋಯ್ಸನ್ ಅವರ ಕ್ರಮ. ಮನುಷ್ಯರನ್ನು ಜೀವಂತ ದಾಖಲೆಗಳೆಂದು ಭಾವಿಸಬೇಕೆಂಬುದು ಅವರ ಅತ್ಯಂತ ಪ್ರಸಿದ್ಧ ಪರಿಕಲ್ಪನೆ. ವಿದ್ವಾಂಸನೊಬ್ಬ ಪ್ರಾಚೀನ ಧರ್ಮಗ್ರಂಥದ ಪಾಠವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸುತ್ತಾನೆ. ಅರ್ಥವಾಗದ ಸಾಲನ್ನು ಅರ್ಥಹೀನವೆಂದು ತಳ್ಳಿಹಾಕುವುದಿಲ್ಲ. ಅದೇ ತಾಳ್ಮೆ ಮತ್ತು ಗೌರವದಿಂದ ಮನೋರೋಗಿಯ ಬದುಕನ್ನೂ ಓದಬೇಕೆಂದು ಅವರು ಕಲಿಸಿದರು. ಈ ತರಬೇತಿಯ ಉದ್ದೇಶ ಧರ್ಮಗುರುಗಳನ್ನು ಅರೆವೈದ್ಯರನ್ನಾಗಿ ಮಾಡುವುದಾಗಿರಲಿಲ್ಲ. ಪಾಪ, ಕ್ಷಮೆ, ವಿಮೋಚನೆ ಎಂಬ ಪದಗಳು ನಿಜವಾದ ಮನುಷ್ಯರ ಬದುಕಿನಲ್ಲಿ ಏನನ್ನು ಸೂಚಿಸುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಕಲಿಯಬೇಕೆಂಬುದೇ ಅವರ ಬಯಕೆಯಾಗಿತ್ತು.

ಭಿನ್ನಾಭಿಪ್ರಾಯ ಮತ್ತು ಮರುಕಳಿಸಿದ ಕಾಯಿಲೆ

ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತ ಹೋದಂತೆ ಯೋಜನೆಗೆ ಅಧಿಕೃತ ರೂಪ ಕೊಡುವುದು ಅಗತ್ಯವಾಯಿತು. ೧೯೩೦ರ ಜನವರಿಯಲ್ಲಿ ದೈವಶಾಸ್ತ್ರ ವಿದ್ಯಾರ್ಥಿಗಳ ಕ್ಲಿನಿಕಲ್ ತರಬೇತಿ ಮಂಡಳಿ ಬಾಸ್ಟನ್ನಿನಲ್ಲಿ ಸ್ಥಾಪನೆಯಾಯಿತು. ಕ್ಯಾಬಟ್, ಡನ್ಬಾರ್, ಫಿಲಿಪ್ ಗೈಲ್ಸ್ ಮೊದಲಾದವರು ಇದರಲ್ಲಿ ಬೋಯ್ಸನ್ ಅವರೊಂದಿಗಿದ್ದರು.

ಆದರೆ ಮೂಲವಿಚಾರದಲ್ಲಿಯೇ ಗುರುಶಿಷ್ಯರ ನಡುವೆ ಭಿನ್ನಾಭಿಪ್ರಾಯವಿತ್ತು. ಮನೋರೋಗಗಳಿಗೆ ದೈಹಿಕ ಕಾರಣಗಳೇ ಇರಬೇಕೆಂದು ಕ್ಯಾಬಟ್ ನಂಬಿದ್ದರು. ಕೆಲವು ಮನೋರೋಗಗಳು ಮೆದುಳಿನ ಹಾನಿಯಿಂದ ಬಂದವಲ್ಲ, ಅಂತರಂಗದ ಸಂಘರ್ಷದಿಂದ ಹುಟ್ಟಿದವು ಎಂಬುದು ಬೋಯ್ಸನ್ ಅವರ ನಿಲುವು. ೧೯೩೦ರಲ್ಲಿ ಬೋಯ್ಸನ್ ಅವರ ತಾಯಿ ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಅವರಿಗೆ ಕಾಯಿಲೆ ಮರುಕಳಿಸಿತು. ಈ ಬಾರಿ ಅವರು ಬೇಗನೆ ಚೇತರಿಸಿಕೊಂಡರೂ ಕ್ಯಾಬಟ್ ಅವರ ವಿಶ್ವಾಸ ಕುಸಿಯಿತು. ಶಿಕ್ಷಣ ಕಾರ್ಯಕ್ರಮದಲ್ಲಿ ಬೋಯ್ಸನ್ ಅವರಿಗೆ ಇನ್ನು ಮುಂದೆ ಪಾಲಿರಬಾರದೆಂದು ಕ್ಯಾಬಟ್ ಪಟ್ಟು ಹಿಡಿದರು. ಮಂಡಳಿಯೂ ಕ್ರಮೇಣ ಎರಡು ಗುಂಪುಗಳಾಗಿ ಒಡೆಯಿತು. ಡನ್ಬಾರ್ ಅವರ ಗುಂಪು ನ್ಯೂಯಾರ್ಕಿನಲ್ಲಿ ನೆಲೆಸಿ ಮಾನಸಿಕ ಆಸ್ಪತ್ರೆಗಳಿಗೆ ಪ್ರಾಶಸ್ತ್ಯ ನೀಡಿತು. ನ್ಯೂ ಇಂಗ್ಲೆಂಡಿನ ಗುಂಪು ಸಾಮಾನ್ಯ ಆಸ್ಪತ್ರೆಗಳಿಗೆ ಒತ್ತು ಕೊಟ್ಟಿತು.

ಎಲ್ಜಿನ್ ಆಸ್ಪತ್ರೆ

೧೯೩೨ರಲ್ಲಿ ಬೋಯ್ಸನ್ ಇಲಿನಾಯ್ ರಾಜ್ಯದ ಎಲ್ಜಿನ್ ಸರ್ಕಾರಿ ಆಸ್ಪತ್ರೆಗೆ ಚಾಪ್ಲಿನ್ ಆಗಿ ತೆರಳಿದರು. ಷಿಕಾಗೊ ಸೆಮಿನರಿಗೆ ಇದು ಹತ್ತಿರವಾಗಿತ್ತು. ಅಲ್ಲಿ ಮತ್ತೆ ವಿದ್ಯಾರ್ಥಿಗಳಿಗೆ ತರಬೇತಿ ನೀಡಿದರು. ೧೯೩೫ರ ಕೊನೆಯಲ್ಲಿ ಆಲಿಸ್ ಬ್ಯಾಚೆಲ್ಡರ್ ಮಾರಣಾಂತಿಕ ಕಾಯಿಲೆಗೆ ಒಳಗಾಗಿರುವ ಸುದ್ದಿ ತಿಳಿದಾಗ ಅವರ ಮನಸ್ಸು ಮೂರನೆಯ ಬಾರಿ ಹತೋಟಿ ತಪ್ಪಿತು. ಆಲಿಸ್ ಡಿಸೆಂಬರ್‌ನಲ್ಲಿ ತೀರಿಕೊಂಡರು. ಚೇತರಿಸಿಕೊಂಡ ಬೋಯ್ಸನ್ ಮರುವರ್ಷ ಪ್ರಕಟವಾದ ತಮ್ಮ ಮುಖ್ಯ ಗ್ರಂಥವನ್ನು ಅವರ ನೆನಪಿಗೆ ಅರ್ಪಿಸಿದರು. ಅನಂತರ ಅಂತಹ ತೀವ್ರ ಕಾಯಿಲೆ ಅವರನ್ನು ಕಾಡಲಿಲ್ಲ.

ಮುಖ್ಯ ವಿಚಾರಗಳು

೧೯೩೬ರಲ್ಲಿ ಪ್ರಕಟವಾದ ದಿ ಎಕ್ಸ್‌ಪ್ಲೊರೇಶನ್ ಆಫ್ ದಿ ಇನ್ನರ್ ವರ್ಲ್ಡ್ ಬೋಯ್ಸನ್ ಅವರ ಪ್ರಮುಖ ಕೃತಿ. ವೂಸ್ಟರ್ ಆಸ್ಪತ್ರೆಯ ೧೭೩ ರೋಗಿಗಳ ವೃತ್ತಾಂತಗಳ ಅಧ್ಯಯನ ಇದರ ಆಧಾರ. ಬದುಕಿನಲ್ಲಿ ಸೋತೆನೆಂಬ ಅರಿವಿಗೆ ಮನುಷ್ಯ ಹೇಗೆ ಪ್ರತಿಕ್ರಿಯಿಸುತ್ತಾನೆ ಎಂಬುದನ್ನು ಅವರು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಿದರು.

ಮೊದಲನೆಯದು ತೇಲಿಹೋಗುವುದು: ಪ್ರಯತ್ನವನ್ನೇ ಕೈಬಿಟ್ಟು ಕಲ್ಪನೆಯಲ್ಲಿ ಮುಳುಗುವುದು. ಎರಡನೆಯದು ಮರೆಮಾಚುವುದು: ಸೋಲನ್ನು ಒಪ್ಪಿಕೊಳ್ಳದೆ ಅದಕ್ಕೆ ಇತರರನ್ನು ಹೊಣೆಯಾಗಿಸಿ ತಪ್ಪು ಕಲ್ಪನೆಗಳ ಕೋಟೆ ಕಟ್ಟಿಕೊಳ್ಳುವುದು. ಮೂರನೆಯದು ದಿಗಿಲು: ಅಪರಾಧಪ್ರಜ್ಞೆ ಮತ್ತು ಭಯ ಒಮ್ಮೆಗೇ ಸ್ಫೋಟಿಸಿ ಮನಸ್ಸು ಕದಡಿಹೋಗುವುದು. ನೋಡುವವರಿಗೆ ಮೂರನೆಯದೇ ಅತ್ಯಂತ ಭಯಂಕರ. ಆದರೆ ಚೇತರಿಕೆಯ ಸಾಧ್ಯತೆ ಹೆಚ್ಚಾಗಿರುವುದೂ ಅದರಲ್ಲಿಯೇ ಎಂದು ಬೋಯ್ಸನ್ ವಾದಿಸಿದರು. ಜ್ವರವು ದೇಹ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಯತ್ನವಾಗಿರುವಂತೆ, ಇಂತಹ ತೀವ್ರ ಸ್ಥಿತಿಯೂ ಮನಸ್ಸು ಮರುಜೋಡಣೆಗೊಳ್ಳಲು ನಡೆಸುವ ಯತ್ನವಾಗಿರಬಹುದು. ಆ ಯತ್ನ ಸಫಲವಾಗಬಹುದು ಅಥವಾ ವಿಫಲವಾಗಬಹುದು.

ಬೈಬಲಿನ ಯೆಹೆಜ್ಕೇಲ ಮತ್ತು ಪೌಲ, ಕ್ವೇಕರ್ ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್, ಲೇಖಕ ಜಾನ್ ಬನಿಯನ್, ಸ್ವೀಡನ್ನಿನ ಇಮ್ಯಾನ್ಯುಯೆಲ್ ಸ್ವೀಡನ್‌ಬರ್ಗ್ ಮೊದಲಾದವರ ಅನುಭವಗಳನ್ನು ಅವರು ರೋಗಿಗಳ ಅನುಭವಗಳೊಂದಿಗೆ ಹೋಲಿಸಿದರು. ದರ್ಶನವಾಗುವುದು, ವಾಣಿ ಕೇಳುವುದು ಇವು ಎರಡೂ ಕಡೆ ಕಂಡುಬರುತ್ತವೆ. ಆದ್ದರಿಂದ ಅನುಭವದ ವಿಚಿತ್ರತೆಯಿಂದ ಅದರ ಬೆಲೆ ನಿರ್ಧಾರವಾಗದು, ಅದು ಮನುಷ್ಯನನ್ನು ಒಗ್ಗಟ್ಟಿನೆಡೆಗೆ ಒಯ್ದಿತೇ ಛಿದ್ರತೆಯೆಡೆಗೆ ಒಯ್ದಿತೇ ಎಂಬುದರಿಂದ ನಿರ್ಧಾರವಾಗುತ್ತದೆ ಎಂಬುದು ಅವರ ತೀರ್ಮಾನ.

ವಿಮರ್ಶೆ

ಬೋಯ್ಸನ್ ಅವರ ಸಿದ್ಧಾಂತ ಟೀಕೆಗೂ ಒಳಗಾಗಿದೆ. ಅನುವಂಶೀಯತೆ ಮತ್ತು ಮೆದುಳಿನ ಕಾರ್ಯವೈಖರಿ ಸ್ಕಿಜೋಫ್ರೀನಿಯಾದಲ್ಲಿ ಮಹತ್ತ್ವದ ಪಾತ್ರ ವಹಿಸುತ್ತವೆಂದು ಇಂದಿನ ಮನೋವೈದ್ಯಶಾಸ್ತ್ರ ಹೇಳುತ್ತದೆ. ಕಾಯಿಲೆಯನ್ನು ನೈತಿಕ ಸಂಘರ್ಷವೆಂದು ಕಂಡರೆ ರೋಗಿಯ ಮೇಲೆಯೇ ಹೊಣೆ ಹೊರಿಸಿದಂತಾಗುವ ಅಪಾಯವಿದೆ. ಚಿಕಿತ್ಸೆ ತಡವಾಗುವ ಅಪಾಯವೂ ಇದೆ. ಬೇಗನೆ ಕಾಣಿಸಿಕೊಂಡು ಪೂರ್ಣವಾಗಿ ಮರೆಯಾದ ಅವರ ಕಾಯಿಲೆ ಇಂದಿನ ವರ್ಗೀಕರಣದಲ್ಲಿ ಸ್ಕಿಜೋಫ್ರೀನಿಯಾ ಆಗಿರದೆ ಬೇರೆ ಬಗೆಯದಾಗಿರಬಹುದೆಂಬ ಅಭಿಪ್ರಾಯವೂ ಇದೆ. ತಮ್ಮ ಒಂದು ಅನುಭವದ ಅಳತೆಗೋಲಿನಿಂದ ಅವರು ಇತರ ರೋಗಿಗಳನ್ನು ಅಳೆದರೆಂಬ ಆಕ್ಷೇಪವೂ ಉಂಟು. ಎಲ್ಲ ಮನೋರೋಗಗಳೂ ಒಂದೇ ಬಗೆಯವೆಂದು ಬೋಯ್ಸನ್ ಹೇಳಲಿಲ್ಲ. ದೈಹಿಕ ಕಾರಣದಿಂದ ಬರುವ ರೋಗಗಳನ್ನು ಅವರು ಬೇರೆಯಾಗಿಯೇ ಗುರುತಿಸಿದ್ದರು. ರೋಗಿಯ ಮಾತನ್ನು ಅರ್ಥಪೂರ್ಣವೆಂದು ಆಲಿಸಬೇಕೆಂಬ ಅವರ ಆಗ್ರಹಕ್ಕೆ ಮಾತ್ರ ಸಿದ್ಧಾಂತದ ಮಿತಿಗಳಿಂದ ಕುಂದು ಬಂದಿಲ್ಲ.

ಕೊನೆಯ ದಿನಗಳು

೧೯೩೦ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಬಡವರ ನಡುವೆ ಹಬ್ಬುತ್ತಿದ್ದ ಭಾವಾವೇಶದ ಧಾರ್ಮಿಕ ಪಂಥಗಳನ್ನೂ ಬೋಯ್ಸನ್ ಅಧ್ಯಯನ ಮಾಡಿದರು. ಸಂಕಟದ ಕಾಲದಲ್ಲಿ ಹುಟ್ಟಿದ ಧಾರ್ಮಿಕ ಅನುಭವ ಕ್ರಮೇಣ ಸಂಪ್ರದಾಯವಾಗಿ ಗಟ್ಟಿಗೊಳ್ಳುವ ಬಗೆಯನ್ನು ೧೯೫೫ರ ಗ್ರಂಥದಲ್ಲಿ ವಿವರಿಸಿದರು. ೧೯೬೦ರಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ, ಔಟ್ ಆಫ್ ದಿ ಡೆಪ್ತ್ಸ್ ಎಂಬ ಆತ್ಮಕಥೆಯನ್ನು ಪ್ರಕಟಿಸಿದರು. ಇತರ ರೋಗಿಗಳ ವೃತ್ತಾಂತಗಳನ್ನು ಬರೆದ ಕ್ರಮದಲ್ಲಿಯೇ ತಮ್ಮ ವೃತ್ತಾಂತವನ್ನೂ ಬರೆದಿರುವುದು ಈ ಕೃತಿಯ ವೈಶಿಷ್ಟ್ಯ. ೧೯೬೫ರ ಅಕ್ಟೋಬರ್ ೧ರಂದು ಎಲ್ಜಿನ್‌ನಲ್ಲಿ ನಿಧನರಾದರು. ಆಗ ಅವರಿಗೆ ಎಂಬತ್ತೆಂಟು ವರ್ಷ.

ಪ್ರಭಾವ

ಬೋಯ್ಸನ್ ಅವರ ಬಳಿ ತರಬೇತಿ ಪಡೆದ ಕ್ಯಾರೊಲ್ ವೈಸ್, ಸೀವರ್ಡ್ ಹಿಲ್ಟ್ನರ್ ಮೊದಲಾದವರು ಪಾಲ್ನಾ ಸಮಾಲೋಚನೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ಬೇರೆ ಬೇರೆಯಾಗಿ ಬೆಳೆದಿದ್ದ ತರಬೇತಿ ಸಂಸ್ಥೆಗಳು ಅವರ ನಿಧನದ ಎರಡು ವರ್ಷಗಳ ಅನಂತರ, ೧೯೬೭ರಲ್ಲಿ, ಅಸೋಸಿಯೇಶನ್ ಫಾರ್ ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್ ಎಂಬ ಹೆಸರಿನಲ್ಲಿ ಒಂದುಗೂಡಿದವು. ಈ ಶಿಕ್ಷಣ ಕ್ರಮ ಇಂದು ಅನೇಕ ದೇಶಗಳಲ್ಲಿದೆ. ಭಾರತದಲ್ಲಿಯೂ ಪಾಲನಾ ಸಮಾಲೋಚನೆ ಕ್ರೈಸ್ತ ದೈವಶಾಸ್ತ್ರ ಶಿಕ್ಷಣದ ಭಾಗವಾಗಿದೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಇದನ್ನು ಬೋಧಿಸುತ್ತಾರೆ.

ಇಂದು ಅಸಹಜ ಮನೋವಿಜ್ಞಾನವನ್ನು ಕ್ರೈಸ್ತ ಕಾಲೇಜುಗಳಲ್ಲಿ ತರಗತಿಯ ಮೂಲಕವೂ ದೂರಶಿಕ್ಷಣದ ಮೂಲಕವೂ ಕಲಿಯಬಹುದು. ಬೋಯ್ಸನ್ ಅವರ ಜೀವನ ಈ ವಿದ್ಯಾರ್ಥಿಗಳಿಗೆ ಎರಡು ವಿಷಯಗಳನ್ನು ತಿಳಿಸುತ್ತದೆ. ಅವರ ಕಲಿಕೆ ಆರಂಭವಾದದ್ದು ದೂರದ ಗೆಳೆಯನೊಬ್ಬ ಕಳುಹಿಸಿದ ಪುಸ್ತಕದಿಂದ. ಆದರೆ ಪುಸ್ತಕದಲ್ಲಿ ಓದಿದ ರೋಗದ ಹೆಸರುಗಳು ವಾರ್ಡಿನಲ್ಲಿ ಕುಳಿತಿದ್ದ ಮನುಷ್ಯನನ್ನು ತಿಳಿಯಲು ಸಾಲವೆಂಬುದೂ ಅವರಿಗೆ ಅಲ್ಲಿಯೇ ಅರಿವಾಯಿತು.

ಪ್ರಮುಖ ಕೃತಿಗಳು

ದಿ ಎಕ್ಸ್‌ಪ್ಲೊರೇಶನ್ ಆಫ್ ದಿ ಇನ್ನರ್ ವರ್ಲ್ಡ್ (೧೯೩೬)
ಪ್ರಾಬ್ಲೆಮ್ಸ್ ಇನ್ ರಿಲಿಜನ್ ಅಂಡ್ ಲೈಫ್ (೧೯೪೬)
ರಿಲಿಜನ್ ಇನ್ ಕ್ರೈಸಿಸ್ ಅಂಡ್ ಕಸ್ಟಮ್ (೧೯೫೫)
ಔಟ್ ಆಫ್ ದಿ ಡೆಪ್ತ್ಸ್ (೧೯೬೦)